ಬ್ಲಾಟ್‌ನಲ್ಲಿ ಸ್ಮಿಯರ್ ಕಂಡರೆ ಸಾಕೇ? ಯೂಬಿಕ್ವಿಟಿನ್ ಅಂಟಿಸುವ ಮೂರು ಕಿಣ್ವಗಳು ಮತ್ತು ಅವುಗಳ ಪರೀಕ್ಷೆ

ಪ್ರಶ್ನೆ: ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದೇನೆ. ಬೇಡವಾದ ಪ್ರೋಟೀನಿಗೆ ಕೋಶ ಯೂಬಿಕ್ವಿಟಿನ್ ಅಂಟಿಸಿ, ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮಿಗೆ ಕಳಿಸುತ್ತದೆ ಎಂದು ಓದಿದ್ದೇನೆ. ಒಂದು ಪುಟ್ಟ ಪ್ರೋಟೀನನ್ನು ಇನ್ನೊಂದಕ್ಕೆ ಅಂಟಿಸಲು ಇ1, ಇ2, ಇ3 ಎಂದು ಮೂರು ಕಿಣ್ವಗಳು ಯಾಕೆ ಬೇಕು? ಇನ್ನೊಂದು ವಿಷಯ: ನನ್ನ ಪ್ರೋಟೀನನ್ನು ಇಮ್ಯುನೋಪ್ರೆಸಿಪಿಟೇಶನ್ ಮಾಡಿ (ಆಂಟಿಬಾಡಿ ಕಟ್ಟಿದ ಮಣಿಗಳಿಂದ ಹಿಡಿದೆಳೆದು) ಯೂಬಿಕ್ವಿಟಿನ್ ಆಂಟಿಬಾಡಿ ಹಾಕಿದರೆ ಬ್ಲಾಟ್‌ನ ಮೇಲ್ಭಾಗದಲ್ಲಿ ಉದ್ದಕ್ಕೆ ಹರಡಿದ ಕಲೆ, ಅಂದರೆ ಸ್ಮಿಯರ್ ಬರುತ್ತದೆ. ನನ್ನ ಪ್ರೋಟೀನಿಗೆ ಯೂಬಿಕ್ವಿಟಿನ್ ಅಂಟಿದೆ, ಅದು ನಾಶವಾಗುತ್ತಿದೆ ಎಂದು ಬರೆಯಬಹುದೇ?

ಉತ್ತರ: ಸ್ಮಿಯರ್ ಒಂದನ್ನೇ ನಂಬಿ ಎರಡನ್ನೂ ಬರೆಯಬೇಡಿ. ಯಾಕೆ ಎಂಬುದು ನಿಮ್ಮ ಮೊದಲ ಪ್ರಶ್ನೆಯ ಉತ್ತರದಲ್ಲೇ ಇದೆ. ಪ್ರತಿ ಹಂತದಲ್ಲೂ ಯೂಬಿಕ್ವಿಟಿನ್ ಯಾರ ಬಳಿ ಇದೆ, ಯಾವ ಬಂಧದಿಂದ ಕೂತಿದೆ ಎಂದು ಕೇಳುತ್ತಾ ಹೋಗಿ. ಈ ವ್ಯವಸ್ಥೆ ಅರ್ಥವಾಗುವುದೂ ಹಾಗೆಯೇ, ಲ್ಯಾಬಿನಲ್ಲಿ ಯಾವ ಟ್ಯೂಬಿಗೆ ಏನು ಹಾಕಬೇಕು, ಏನು ಹಾಕಬಾರದು ಎಂದು ತಿಳಿಯುವುದೂ ಹಾಗೆಯೇ.

ಯೂಬಿಕ್ವಿಟಿನ್ 76 ಅಮೈನೋ ಆಮ್ಲಗಳ, ಸುಮಾರು 8.5 ಕಿಲೋಡಾಲ್ಟನ್ ತೂಕದ ಗಟ್ಟಿ ಉಂಡೆ. ಕುದಿಸಿದರೂ ಸುಲಭಕ್ಕೆ ಕೆಡುವುದಿಲ್ಲ. ಯೀಸ್ಟ್‌ನದಕ್ಕೂ ಮನುಷ್ಯನದಕ್ಕೂ ಇರುವ ವ್ಯತ್ಯಾಸ ಮೂರೇ ಅಮೈನೋ ಆಮ್ಲಗಳದ್ದು. ನಮಗೆ ಮುಖ್ಯವಾದ ಜಾಗಗಳು ಎರಡು. ಬಾಲದ ತುದಿಯಲ್ಲಿ ಎರಡು ಗ್ಲೈಸಿನ್‌ಗಳಿವೆ. ಕೊನೆಯದಾದ 76ನೆಯ ಗ್ಲೈಸಿನ್‌ನ ಕಾರ್ಬಾಕ್ಸಿಲ್ ಗುಂಪೇ ಅಂಟಿಕೊಳ್ಳುವ ತುದಿ. ಇನ್ನು ಉಂಡೆಯ ಮೇಲೆ ಏಳು ಲೈಸಿನ್‌ಗಳಿವೆ: 6, 11, 27, 29, 33, 48, 63ನೆಯ ಸ್ಥಾನಗಳಲ್ಲಿ. ಒಂದು ಯೂಬಿಕ್ವಿಟಿನ್ ಮೇಲೆ ಇನ್ನೊಂದು ಕೂತು ಸರಪಳಿ ಬೆಳೆಯುವುದು ಇವುಗಳ ಮೇಲೆ, ಇಲ್ಲವೇ ಮೊದಲ ಮೆಥಿಯೊನಿನ್‌ನ ಅಮೈನೋ ಗುಂಪಿನ ಮೇಲೆ. ಗುರಿ ಪ್ರೋಟೀನಿನಲ್ಲೂ ಸಾಮಾನ್ಯವಾಗಿ ಒಂದು ಲೈಸಿನ್‌ನ ಪಕ್ಕಸರಣಿಗೇ ಅದು ಅಂಟುತ್ತದೆ. ಈ ಕೊನೆಯ ಬಂಧದ ಹೆಸರು ಐಸೋಪೆಪ್ಟೈಡ್. ಇದು ಸಾಮಾನ್ಯ ಪೆಪ್ಟೈಡ್ ಬಂಧದಷ್ಟೇ ಗಟ್ಟಿ. ಪ್ರೋಟೀನಿನ ಮಡಿಕೆ ಬಿಚ್ಚುವ ಎಸ್‌ಡಿಎಸ್, ಗಂಧಕದ ಬಂಧ ಬಿಡಿಸುವ ಡಿಟಿಟಿ, ಕುದಿತ ಯಾವುದಕ್ಕೂ ಬಿಡುವುದಿಲ್ಲ.

ಕಾರ್ಬಾಕ್ಸಿಲ್ ಗುಂಪು ತಾನಾಗಿಯೇ ಲೈಸಿನ್‌ಗೆ ಅಂಟುವುದಿಲ್ಲ. ಅದಕ್ಕೆ ಶಕ್ತಿ ತುಂಬಬೇಕು. ಈ ಕ್ಷೇತ್ರ ಹುಟ್ಟಿದ್ದೂ ಶಕ್ತಿಯ ಒಗಟಿನಿಂದಲೇ. ಪ್ರೋಟೀನ್ ಒಡೆಯುವುದಕ್ಕೆ ಶಕ್ತಿ ಬೇಕಾಗಬಾರದು, ಕರುಳಿನಲ್ಲಿ ಟ್ರಿಪ್ಸಿನ್ ಕಿಣ್ವ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಇಲ್ಲದೆಯೇ ಒಡೆಯುತ್ತದೆ. ಕೋಶದೊಳಗೆ ಮಾತ್ರ ಎಟಿಪಿ ತೆಗೆದರೆ ಒಡೆಯುವಿಕೆ ನಿಲ್ಲುತ್ತದೆ. ಇದನ್ನು ಹಿಡಿದು ಹೊರಟವರು ಇಸ್ರೇಲ್‌ನ ಹೈಫಾದ ಟೆಕ್ನಿಯಾನ್ ಸಂಸ್ಥೆಯ ಅವ್ರಾಮ್ ಹರ್ಷ್‌ಕೊ ಮತ್ತು ಆರನ್ ಸಿಚನೋವರ್, ಅವರ ಜೊತೆಗೆ ಫಿಲಡೆಲ್ಫಿಯಾದ ಇರ್ವಿನ್ ರೋಸ್. ಮೊಲದ ಬಲಿಯದ ಕೆಂಪು ರಕ್ತಕಣಗಳ ಲೈಸೇಟನ್ನು, ಅಂದರೆ ಒಡೆದ ಕೋಶಗಳ ರಸವನ್ನು, ಕಾಲಂ ಮೇಲೆ ಎರಡು ಭಾಗ ಮಾಡಿದಾಗ, ಒಂದೊಂದೇ ಕೆಲಸ ಮಾಡಲಿಲ್ಲ, ಸೇರಿಸಿದರೆ ಮಾಡಿತು. ಮೊದಲ ಭಾಗವನ್ನು ಕುದಿಸಿದಾಗ ಹಿಮೋಗ್ಲೋಬಿನ್ ಎಲ್ಲ ಗಟ್ಟಿಯಾಗಿ ಕೆಳಗೆ ಕೂತಿತು, ಬೇಕಾದ ಅಂಶ ಮಾತ್ರ ಕೆಡದೆ ದ್ರಾವಣದಲ್ಲಿ ಉಳಿಯಿತು. ಅದೇ ಯೂಬಿಕ್ವಿಟಿನ್ ಎಂದು 1980ರಲ್ಲಿ ಗುರುತಾಯಿತು. 2004ರ ರಸಾಯನಶಾಸ್ತ್ರ ನೊಬೆಲ್ ಈ ಮೂವರಿಗೆ ಸಂದಿದ್ದು ಈ ಕೆಲಸಕ್ಕೆ.

ಮೂರು ಕಿಣ್ವಗಳನ್ನು ಅವರು ಬೇರ್ಪಡಿಸಿದ ರೀತಿಯನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ನಿಧಾನವಾಗಿ ಓದಬೇಕು ಎಂಬುದು ನನ್ನ ಅಭಿಪ್ರಾಯ. ಮಣಿಗಳಿಗೆ ಯೂಬಿಕ್ವಿಟಿನ್ ಕಟ್ಟಿದ ಕಾಲಂ ಮಾಡಿ, ಎಟಿಪಿ ಸೇರಿಸಿದ ಲೈಸೇಟನ್ನು ಹರಿಸಿದರು. ಎಟಿಪಿಯ ಎರಡು ತುಂಡುಗಳಾದ ಎಎಂಪಿ ಮತ್ತು ಪೈರೊಫಾಸ್ಫೇಟ್ ಹಾಕಿದಾಗ ಬಿಟ್ಟು ಬಂದದ್ದು ಇ1. ಡಿಟಿಟಿಯಂಥ ಥಯೋಲ್ ಹೆಚ್ಚು ಹಾಕಿದಾಗ ಬಂದದ್ದು ಇ2. ಪಿಎಚ್ ಏರಿಸಿದಾಗ ಬಂದದ್ದು ಇ3. ಅಂದರೆ ಯಾವುದು ಯಾವ ಬಂಧದಿಂದ ಹಿಡಿದಿತ್ತು ಎಂಬುದನ್ನು ಕಾಲಂ ತಾನೇ ತೋರಿಸಿಕೊಟ್ಟಿತು.

ಇ1 ಮಾಡುವ ಕೆಲಸ ಹೀಗಿದೆ. ಮೆಗ್ನೀಸಿಯಂ ಜೊತೆಗಿರುವ ಎಟಿಪಿಯನ್ನು ತೆಗೆದುಕೊಂಡು ಯೂಬಿಕ್ವಿಟಿನ್ ಬಾಲಕ್ಕೆ ಎಎಂಪಿ ಸೇರಿಸುತ್ತದೆ, ಪೈರೊಫಾಸ್ಫೇಟ್ ಹೊರಬೀಳುತ್ತದೆ. ಆಮೇಲೆ ಇ1ರ ಒಂದು ಸಿಸ್ಟೀನ್‌ನ ಗಂಧಕ ಆ ಬಾಲವನ್ನು ಹಿಡಿದು ಥಯೋಎಸ್ಟರ್ ಬಂಧ ಮಾಡಿಕೊಳ್ಳುತ್ತದೆ, ಎಎಂಪಿ ಹೊರಹೋಗುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಯೂಬಿಕ್ವಿಟಿನ್ ಬಂದು ಎಎಂಪಿ ಸೇರಿಸಿಕೊಂಡು ಕಾಯುತ್ತದೆ. ಹೀಗೆ ಪೂರ್ತಿ ತುಂಬಿದ ಇ1 ಮೇಲೆ ಒಮ್ಮೆಗೆ ಎರಡು ಯೂಬಿಕ್ವಿಟಿನ್‌ಗಳು ಇರುತ್ತವೆ, ಆಗಲೇ ಅದು ಇ2ಗೆ ಚುರುಕಾಗಿ ದಾಟಿಸುವುದು. ಮನುಷ್ಯರಲ್ಲಿ ಯೂಬಿಕ್ವಿಟಿನ್‌ಗೆ ಇರುವ ಇ1ಗಳು ಎರಡೇ: ಯುಬಿಎ1 ಮತ್ತು ಯುಬಿಎ6. ಬಹುಪಾಲು ಹೊರೆ ಯುಬಿಎ1 ಮೇಲೆ. ವಯಸ್ಸಾದ ಗಂಡಸರ ಮೂಳೆಮಜ್ಜೆಯ ಕೋಶಗಳಲ್ಲಿ ಈ ಜೀನಿನ 41ನೆಯ ಮೆಥಿಯೊನಿನ್ ಬದಲಾದರೆ ಇಡೀ ಮೈಯಲ್ಲಿ ಉರಿಯೂತ ಎಬ್ಬಿಸುವ ವೆಕ್ಸಾಸ್ ಎಂಬ ಕಾಯಿಲೆ ಬರುತ್ತದೆ. 2020ರಲ್ಲಿ ಅದನ್ನು ವಿವರಿಸಿದರು.

ಇ2ಗಳು ಮನುಷ್ಯರಲ್ಲಿ ನಲವತ್ತರ ಆಸುಪಾಸು. ಇವು ಇ1ರಿಂದ ಯೂಬಿಕ್ವಿಟಿನನ್ನು ತಮ್ಮ ಸಿಸ್ಟೀನ್ ಮೇಲೆ ದಾಟಿಸಿಕೊಳ್ಳುತ್ತವೆ. ಇಲ್ಲೂ ಬಂಧ ಥಯೋಎಸ್ಟರ್ರೇ. ಇ2ಗಳನ್ನು ಬರೀ ಸಾಗಣೆದಾರ ಎಂದು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ, ಅದು ಅನ್ಯಾಯ. ಸರಪಳಿ ಯಾವ ಲೈಸಿನ್ ಮೇಲೆ ಬೆಳೆಯಬೇಕು ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ಇ2. ಯುಬಿಇ2ಎನ್ ಎಂಬುದು ತನ್ನ ಜೊತೆಗಾರ ಯುಬಿಇ2ವಿ1 ಸೇರಿದಾಗ 63ನೆಯ ಲೈಸಿನ್ ಸರಪಳಿಯನ್ನೇ ಕಟ್ಟುತ್ತದೆ, ಯಾಕೆಂದರೆ ಆ ಜೊತೆಗಾರ ಎದುರಿನ ಯೂಬಿಕ್ವಿಟಿನನ್ನು 63ನೆಯ ಲೈಸಿನ್ ಮಾತ್ರ ಮುಂದೆ ಬರುವಂತೆ ತಿರುಗಿಸಿ ಹಿಡಿದಿರುತ್ತದೆ. ಯುಬಿಇ2ಎಸ್ 11ನೆಯದರ ಮೇಲೆ ಕಟ್ಟುತ್ತದೆ, ಯುಬಿಇ2ಆರ್1 48ರ ಮೇಲೆ.

ಇವುಗಳಲ್ಲಿ ಹೊಸಬರನ್ನು ತಪ್ಪದೆ ಬೀಳಿಸುವುದು ಯುಬಿಇ2ಎಲ್3, ಹಳೆಯ ಹೆಸರು ಯುಬಿಸಿಎಚ್7. ಅದು ಯೂಬಿಕ್ವಿಟಿನನ್ನು ಇನ್ನೊಂದು ಸಿಸ್ಟೀನ್‌ಗೆ ಕೊಡುತ್ತದೆ, ಲೈಸಿನ್‌ಗೆ ಕೊಡುವುದಿಲ್ಲ. ಹಾಗಾಗಿ ತಮ್ಮದೇ ಸಿಸ್ಟೀನ್ ಇರುವ ಇ3ಗಳ ಜೊತೆ ಚೆನ್ನಾಗಿ ಕೆಲಸ ಮಾಡುತ್ತದೆ, ಯೂಬಿಕ್ವಿಟಿನನ್ನು ತಾನು ಹಿಡಿಯದ ರಿಂಗ್ ಜಾತಿಯ ಇ3 ಜೊತೆ ಎಷ್ಟು ಹೊತ್ತು ಇಟ್ಟರೂ ಏನೂ ಆಗುವುದಿಲ್ಲ. ಫ್ರೀಜರ್‌ನಲ್ಲಿ ಯಾವುದೋ ಇ2 ಇತ್ತೆಂದು ಇದನ್ನು ಹಾಕಿ, 'ನನ್ನ ರಿಂಗ್ ಇ3ಗೆ ಚಟುವಟಿಕೆ ಇಲ್ಲ' ಎಂದು ಬರೆದರೆ ತಪ್ಪು ಇ3ದಲ್ಲ. ಇದಕ್ಕೆ ತದ್ವಿರುದ್ಧ ಯುಬಿಇ2ಡಿ ಗುಂಪು, ಅಂದರೆ ಯುಬಿಸಿಎಚ್5. ಅದು ಬಹುತೇಕ ಯಾವ ರಿಂಗ್ ಇ3 ಜೊತೆಗೂ ಒಂದಿಷ್ಟು ಅಂಟಿಸುತ್ತದೆ. ಮೊದಲ ಪರೀಕ್ಷೆಗೆ ಅದೇ ಒಳ್ಳೆಯದು. ಆದರೆ ಟ್ಯೂಬಿನಲ್ಲಿ ಅದು ಕೆಲಸ ಮಾಡಿತು ಎಂದ ಮಾತ್ರಕ್ಕೆ ಕೋಶದೊಳಗೂ ನಿಮ್ಮ ಇ3ರ ಜೊತೆಗಾರ ಅದೇ ಎಂದಾಗುವುದಿಲ್ಲ.

ಇ3ಗಳು ಮನುಷ್ಯರಲ್ಲಿ 600ಕ್ಕೂ ಹೆಚ್ಚು. ನಿಮ್ಮ 'ಮೂರು ಯಾಕೆ' ಎಂಬುದಕ್ಕೆ ಇದೇ ಉತ್ತರ. ಶಕ್ತಿ ತುಂಬುವ ಕೆಲಸ ಎಲ್ಲ ಪ್ರೋಟೀನಿಗೂ ಒಂದೇ, ಅದಕ್ಕೆ ಎರಡು ಕಿಣ್ವ ಸಾಕು. ಯಾವ ಪ್ರೋಟೀನು, ಯಾವ ಹೊತ್ತಿನಲ್ಲಿ, ಕೋಶದ ಯಾವ ಭಾಗದಲ್ಲಿ ಎಂಬ ಆಯ್ಕೆ ಸಾವಿರಾರು ಬಗೆಯದು, ಅದಕ್ಕೆ ನೂರಾರು ಕಿಣ್ವಗಳು ಬೇಕು. ಎರಡನ್ನೂ ಒಂದೇ ಕಿಣ್ವದಲ್ಲಿ ಇಟ್ಟಿದ್ದರೆ ಪ್ರತಿ ಗುರಿಗೂ ಎಟಿಪಿ ಯಂತ್ರವನ್ನು ಮೊದಲಿನಿಂದ ಕಟ್ಟಬೇಕಾಗುತ್ತಿತ್ತು.

ಇ3ಗಳಲ್ಲಿ ಮೂರು ಮುಖ್ಯ ಜಾತಿಗಳು, ಅವುಗಳನ್ನು ಬೇರ್ಪಡಿಸುವುದೂ ಬಂಧವೇ. ಬಹುಪಾಲು ಇರುವ ರಿಂಗ್ ಜಾತಿ ಯೂಬಿಕ್ವಿಟಿನನ್ನು ತಾನು ಮುಟ್ಟಿ ಹಿಡಿದುಕೊಳ್ಳುವುದೇ ಇಲ್ಲ. ಎರಡು ಸತುವಿನ ಅಯಾನುಗಳಿಂದ ಆಕಾರ ಪಡೆದ ರಿಂಗ್ ಭಾಗ ಇ2ವನ್ನು ಹಿಡಿಯುತ್ತದೆ, ಇನ್ನೊಂದು ಭಾಗ ಗುರಿಯನ್ನು ಹಿಡಿಯುತ್ತದೆ. ಇ2 ಮೇಲೆ ಅತ್ತಿತ್ತ ಓಲಾಡುತ್ತಿದ್ದ ಯೂಬಿಕ್ವಿಟಿನನ್ನು ಒಂದು ಭಂಗಿಗೆ ಒತ್ತಿ ನಿಲ್ಲಿಸುತ್ತದೆ, ಆಗ ಥಯೋಎಸ್ಟರ್ ಲೈಸಿನ್‌ನ ದಾಳಿಗೆ ತೆರೆದುಕೊಳ್ಳುತ್ತದೆ. ಹೆಕ್ಟ್ ಜಾತಿ ಹಾಗಲ್ಲ: ಇ2ರಿಂದ ಯೂಬಿಕ್ವಿಟಿನನ್ನು ಮೊದಲು ತನ್ನ ಸಿಸ್ಟೀನ್‌ಗೆ ತೆಗೆದುಕೊಂಡು, ಆಮೇಲೆ ತಾನೇ ಗುರಿಗೆ ಕೊಡುತ್ತದೆ. ಮನುಷ್ಯರಲ್ಲಿ ಇವು 28. ಪ್ಯಾಪಿಲೋಮಾ ವೈರಸ್ಸಿನ ಇ6 ಪ್ರೋಟೀನು (ಈ ಹೆಸರಿಗೂ ಇ1, ಇ2, ಇ3ಕ್ಕೂ ಸಂಬಂಧವಿಲ್ಲ) ವಶಪಡಿಸಿಕೊಂಡು, ಕ್ಯಾನ್ಸರ್ ತಡೆಯುವ ಪಿ53ಯನ್ನು ನಾಶಮಾಡಿಸುವುದು ಇವುಗಳಲ್ಲೊಂದನ್ನೇ, ಯುಬಿಇ3ಎ ಎಂಬುದನ್ನು. ತಾಯಿಯಿಂದ ಬಂದ ಅದೇ ಜೀನು ಮಿದುಳಿನಲ್ಲಿ ಕೆಟ್ಟರೆ ಮಕ್ಕಳಲ್ಲಿ ಏಂಜಲ್‌ಮನ್ ಸಿಂಡ್ರೋಮ್ ಎಂಬ ಬೆಳವಣಿಗೆಯ ತೊಂದರೆ. ಮೂರನೆಯದು ಆರ್‌ಬಿಆರ್. ನೋಡಲು ರಿಂಗ್‌ನಂತೆ, ನಡೆಯಲ್ಲಿ ಹೆಕ್ಟ್‌ನಂತೆ. ಪಾರ್ಕಿನ್ಸನ್ ಕಾಯಿಲೆಯ ಪಾರ್ಕಿನ್ ಇದೇ ಜಾತಿಯದು. ಪಿಂಕ್1 ಎಂಬ ಕೈನೇಸ್ ಬಂದು ಯೂಬಿಕ್ವಿಟಿನ್‌ನ 65ನೆಯ ಸೆರಿನ್ ಮೇಲೆ, ಪಾರ್ಕಿನ್‌ನದೇ 65ನೆಯ ಸೆರಿನ್ ಮೇಲೂ ಫಾಸ್ಫೇಟ್ ಹಾಕುವ ತನಕ ಅದು ತನ್ನನ್ನೇ ಮುಚ್ಚಿಕೊಂಡು ಕೂತಿರುತ್ತದೆ.

ಇ3 ಗುರಿಯನ್ನು ಗುರುತಿಸುವ ಬಗೆಯಲ್ಲಿ ಈ ವ್ಯವಸ್ಥೆಯ ನಿಜವಾದ ಸೊಗಸು ಇದೆ. ಎಚ್‌ಐಎಫ್-1 ಆಲ್ಫಾ ಪ್ರೋಟೀನನ್ನು ನೋಡಿ. ಆಮ್ಲಜನಕ ಸಾಕಷ್ಟಿದ್ದಾಗ ಒಂದು ಕಿಣ್ವ ಅದರ 402 ಮತ್ತು 564ನೆಯ ಪ್ರೊಲಿನ್‌ಗಳಿಗೆ ಹೈಡ್ರಾಕ್ಸಿಲ್ ಸೇರಿಸುತ್ತದೆ. ವಿಎಚ್‌ಎಲ್ ಎಂಬ ಗುರುತಿಸುವ ಘಟಕದ ಸಣ್ಣ ಗುಂಡಿಯೊಳಗೆ ಆ ಹೈಡ್ರಾಕ್ಸಿಲ್ ಸರಿಯಾಗಿ ಕೂರುತ್ತದೆ, ಯೂಬಿಕ್ವಿಟಿನ್ ಬೀಳುತ್ತದೆ, ಎಚ್‌ಐಎಫ್ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ. ಆಮ್ಲಜನಕ ಇಳಿದರೆ ಹೈಡ್ರಾಕ್ಸಿಲ್ ಇಲ್ಲ, ವಿಎಚ್‌ಎಲ್ ಹಿಡಿಯುವುದಿಲ್ಲ, ಎಚ್‌ಐಎಫ್ ಉಳಿದು ಹೊಸ ರಕ್ತನಾಳಗಳ ಜೀನುಗಳನ್ನು ಎಬ್ಬಿಸುತ್ತದೆ. ಇಷ್ಟು ದೊಡ್ಡ ನಿರ್ಧಾರ ಒಂದು ಆಮ್ಲಜನಕ ಪರಮಾಣುವಿನ ಮೇಲೆ ನಿಂತಿದೆ. ಐಕಪ್ಪಾಬಿ ಆಲ್ಫಾ ಎಂಬ ಪ್ರೋಟೀನಿನಲ್ಲಿ 32 ಮತ್ತು 36ನೆಯ ಸೆರಿನ್‌ಗಳೆರಡಕ್ಕೂ ಫಾಸ್ಫೇಟ್ ಬಿದ್ದರೆ ಬೀಟಾ-ಟಿಆರ್‌ಸಿಪಿ ಎಂಬ ಇನ್ನೊಂದು ಗುರುತಿಸುವ ಘಟಕ ಹಿಡಿಯುತ್ತದೆ. ಹಾಗಾಗಿ ನಿಮ್ಮ ಪ್ರೋಟೀನಿನ ಮೇಲೆ ಮೊದಲು ಯಾವ ಗುರುತು ಬೀಳಬೇಕು ಎಂದು ತಿಳಿಯದೆ, ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಗುರಿಯನ್ನು ಶುದ್ಧ ಇ3 ಜೊತೆ ಟ್ಯೂಬಿಗೆ ಹಾಕಿದರೆ ಏನೂ ನಡೆಯದೇ ಇರಬಹುದು. ಫಾಸ್ಫೇಟ್ ಹಾಕುವ ಕೈನೇಸ್ ಆ ಟ್ಯೂಬಿನಲ್ಲಿ ಇರುವುದಿಲ್ಲ.

ಮೇಲಿನ ಎರಡೂ ಗುರುತಿಸುವ ಘಟಕಗಳು ಕಲ್ಲಿನ್ ಎಂಬ ಉದ್ದನೆಯ ಪ್ರೋಟೀನಿನ ಒಂದು ತುದಿಯಲ್ಲಿ ಕೂರುತ್ತವೆ, ಇನ್ನೊಂದು ತುದಿಯಲ್ಲಿ ರಿಂಗ್ ಇರುತ್ತದೆ. ಯೂಬಿಕ್ವಿಟಿನ್‌ನ ಸೋದರ ನೆಡ್8 ಕಲ್ಲಿನ್ ಮೇಲೆ ಅಂಟಿದಾಗಲೇ ಇದು ಚುರುಕಾಗುವುದು. ಇದು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಎಂಎಲ್‌ಎನ್4924 ಎಂಬ ಔಷಧ ನೆಡ್8ರ ಇ1ವನ್ನು ತಡೆಯುತ್ತದೆ. 1 ಮೈಕ್ರೋಮೋಲಾರ್ ಕೊಟ್ಟು ನಾಲ್ಕೈದು ಗಂಟೆಯಲ್ಲಿ ನಿಮ್ಮ ಪ್ರೋಟೀನ್ ಏರಿದರೆ, ನೂರಾರು ಇ3ಗಳಲ್ಲಿ ಹುಡುಕಾಟ ಕಲ್ಲಿನ್ ಕುಟುಂಬಕ್ಕೆ ಇಳಿಯಿತು ಎಂದು ಅರ್ಥ. ಬಹಳ ಮಂದಿ ಈ ಅಗ್ಗದ ಪ್ರಯೋಗ ಬಿಟ್ಟು ಎಲ್ಲ ಇ3ಗಳನ್ನು ಒಟ್ಟಿಗೆ ಜಾಲಾಡುವ ದೊಡ್ಡ ಸ್ಕ್ರೀನ್‌ಗೆ ನೇರವಾಗಿ ಹೋಗುತ್ತಾರೆ. ಥಾಲಿಡೊಮೈಡ್ ಕುಟುಂಬದ ಔಷಧಗಳು ಕೂರುವುದೂ ಒಂದು ಕಲ್ಲಿನ್ ಇ3ರ ಸೆರೆಬ್ಲಾನ್ ಘಟಕದ ಮೇಲೆ. ಲೆನಾಲಿಡೊಮೈಡ್ ಅಲ್ಲಿ ಕೂತಾಗ ಇಕಾರೋಸ್ ಮತ್ತು ಐಯೊಲೋಸ್ ಎಂಬ ಪ್ರೋಟೀನುಗಳು ಹೊಸದಾಗಿ ಗುರಿಯಾಗಿ ಬೀಳುತ್ತವೆ, ಮಯಲೋಮಾ ಎಂಬ ರಕ್ತದ ಕ್ಯಾನ್ಸರಿನ ಕೋಶ ಸಾಯುತ್ತದೆ.

ಈಗ ನಾಶದ ಪ್ರಶ್ನೆ. ಯೂಬಿಕ್ವಿಟಿನ್ ಅಂಟಿದ್ದೆಲ್ಲ ನಾಶವಾಗುವುದಿಲ್ಲ. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನುಗಳಲ್ಲೊಂದಾದ ಹಿಸ್ಟೋನ್ ಎಚ್2ಎಯ 119ನೆಯ ಲೈಸಿನ್ ಮೇಲೆ ಒಂದೇ ಒಂದು ಯೂಬಿಕ್ವಿಟಿನ್ ಕೂತು ಜೀನನ್ನು ಸುಮ್ಮನಾಗಿಸುತ್ತದೆ, ಹಿಸ್ಟೋನ್ ಅಲ್ಲೇ ಇರುತ್ತದೆ. ಡಿಎನ್‌ಎ ನಕಲಿನ ಉಂಗುರವಾದ ಪಿಸಿಎನ್‌ಎಯ 164ನೆಯ ಲೈಸಿನ್‌ಗೆ ಒಂದು ಬಿದ್ದರೆ ಹಾನಿಯಾದ ಜಾಗ ದಾಟುವ ಪಾಲಿಮರೇಸ್ ಬರುತ್ತದೆ. ಅದರ ಮೇಲೆ 63ರ ಸರಪಳಿ ಬೆಳೆದರೆ ದಾರಿಯೇ ಬೇರೆ. 48ರ ಸರಪಳಿ ಪ್ರೋಟಿಯಾಸೋಮಿನ ಮುಖ್ಯ ಗುರುತು. ಕೋಶಚಕ್ರದಲ್ಲಿ ಸೈಕ್ಲಿನ್‌ಗಳನ್ನು ಕೊಲ್ಲುವ ಎಪಿಸಿ ಎಂಬ ಇ3 11ರ ಸರಪಳಿಯನ್ನೂ ಬಳಸುತ್ತದೆ. ನಾಲ್ಕು ಯೂಬಿಕ್ವಿಟಿನ್‌ಗಳ 48ರ ಸರಪಳಿ ಕನಿಷ್ಠ ಎಂದು ಬಹಳ ಕಡೆ ಬರೆದಿರುತ್ತಾರೆ. ಅದನ್ನು ಕಟ್ಟುನಿಟ್ಟಿನ ನಿಯಮವೆಂದು ತಿಳಿಯಬೇಡಿ, ಕೆಲವು ಪ್ರೋಟೀನುಗಳಿಗೆ ಅಲ್ಲಲ್ಲಿ ಬಿದ್ದ ಒಂಟಿ ಯೂಬಿಕ್ವಿಟಿನ್‌ಗಳೇ ಸಾಕಾಗುತ್ತವೆ. ಸರಪಳಿ ಇದ್ದರೂ ಸಾಲದು: ಪ್ರೋಟಿಯಾಸೋಮಿನ ಎಟಿಪಿ ಮೋಟಾರು ಹಿಡಿದು ಎಳೆಯಲು ಗುರಿಯಲ್ಲಿ ಮಡಿಕೆಯಿಲ್ಲದ ಸಡಿಲ ತುದಿಯೊಂದು ಬೇಕು. ಎಳೆಯುವಾಗ ಆರ್‌ಪಿಎನ್11 ಎಂಬ ಕಿಣ್ವ ಸರಪಳಿಯನ್ನು ಬುಡದಲ್ಲಿ ಕತ್ತರಿಸುತ್ತದೆ, ಯೂಬಿಕ್ವಿಟಿನ್ ಮರುಬಳಕೆಗೆ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ನಿಮ್ಮ ಬ್ಲಾಟ್‌ಗೆ ಬರೋಣ. ಕೋಶವನ್ನು ಒಡೆದ ಕ್ಷಣದಿಂದ ಎರಡು ತೊಂದರೆಗಳು ಶುರುವಾಗುತ್ತವೆ. ಒಂದು, ಯೂಬಿಕ್ವಿಟಿನ್ ಬಿಡಿಸುವ ಕಿಣ್ವಗಳು. ಇವನ್ನು ಡಬ್ ಎನ್ನುತ್ತೇವೆ, ಮನುಷ್ಯರಲ್ಲಿ ನೂರರಷ್ಟು ಇವೆ. ಎಟಿಪಿ ಸಿಗದೆ ಅಂಟಿಸುವ ಕೆಲಸ ನಿಲ್ಲುತ್ತದೆ, ಬಿಡಿಸುವ ಕೆಲಸಕ್ಕೆ ಎಟಿಪಿ ಬೇಡ, ಅದು ಮುಂದುವರಿಯುತ್ತದೆ. ಮಾಮೂಲಿ ಪ್ರೋಟಿಯೇಸ್ ಇನ್ಹಿಬಿಟರ್ ಮಾತ್ರೆ ಇವನ್ನು ನಂಬುವಷ್ಟು ತಡೆಯುವುದಿಲ್ಲ. ಬಹುಪಾಲು ಡಬ್‌ಗಳು ಸಿಸ್ಟೀನ್ ಕಿಣ್ವಗಳು, ಅದಕ್ಕೆ ಎನ್-ಈಥೈಲ್‌ಮಾಲಿಮೈಡ್, ಅಂದರೆ ಎನ್‌ಇಎಂ, 10ರಿಂದ 20 ಮಿಲಿಮೋಲಾರ್, ಕೋಶ ಒಡೆಯುವ ಲೈಸಿಸ್ ಬಫರಿಗೆ ಹಾಕಬೇಕು. ಅದು ನೀರಿನಲ್ಲಿ ಕೆಡುತ್ತದೆ. ಅಂದಂದೇ ಎಥನಾಲ್‌ನಲ್ಲಿ ಕರಗಿಸಿ, ಗ್ಲೌಸ್ ಹಾಕಿಕೊಳ್ಳಿ, ಬಫರ್ ಪಿಎಚ್ 7.5 ದಾಟದಿರಲಿ. ಅದೇ ಬಫರಿನಲ್ಲಿ ಡಿಟಿಟಿ ಅಥವಾ ಮರ್‌ಕ್ಯಾಪ್ಟೋಎಥನಾಲ್ ಇದ್ದರೆ ಎನ್‌ಇಎಂ ಅವುಗಳಿಗೇ ಖರ್ಚಾಗಿ ಹೋಗುತ್ತದೆ. ಈ ಒಂದು ತಪ್ಪು ನಾನು ಕಂಡ ಖಾಲಿ ಬ್ಲಾಟ್‌ಗಳಲ್ಲಿ ಬಹಳಷ್ಟಕ್ಕೆ ಕಾರಣ. ಸತು ಬಳಸುವ ಡಬ್‌ಗಳೂ ಕೆಲವು ಇವೆ, ಅವಕ್ಕಾಗಿ ಲೋಹದ ಅಯಾನುಗಳನ್ನು ಕಟ್ಟಿಹಾಕುವ ಇಡಿಟಿಎ 5 ಮಿಲಿಮೋಲಾರ್ ಸೇರಿಸಿ.

ಎರಡನೆಯದು ನಿಮ್ಮ ಸ್ಮಿಯರ್‌ಗೆ ನೇರ ಸಂಬಂಧಿಸಿದ್ದು. ಮೃದು ಡಿಟರ್ಜೆಂಟಿನಲ್ಲಿ ಒಡೆದರೆ ನಿಮ್ಮ ಪ್ರೋಟೀನಿನ ಜೊತೆ ಅದರ ಸ್ನೇಹಿತರೆಲ್ಲ ಮಣಿಗೆ ಬರುತ್ತಾರೆ. ಅವರ ಮೈಮೇಲಿನ ಯೂಬಿಕ್ವಿಟಿನ್ ನಿಮ್ಮದರ ಹೆಸರಿಗೆ ಜಮೆಯಾಗುತ್ತದೆ. ಒಂದು ಲೆಕ್ಕ ಹಾಕಿ ನೋಡಿ: ನಿಮ್ಮ ಪ್ರೋಟೀನ್ 70 ಕಿಲೋಡಾಲ್ಟನ್ ಇದ್ದರೆ ಮೊದಲ ಯೂಬಿಕ್ವಿಟಿನ್ ಕೂತ ಬ್ಯಾಂಡ್ 78.5ರ ಆಸುಪಾಸು ಬರಬೇಕು. ಸ್ಮಿಯರ್ 60ರಿಂದಲೇ ಶುರುವಾಗಿದ್ದರೆ, ಆ ಕೆಳಭಾಗವಾದರೂ ನಿಮ್ಮ ಪೂರ್ತಿ ಪ್ರೋಟೀನಿನದಲ್ಲ. ಆಂಟಿಬಾಡಿಯ ಭಾರೀ ಸರಪಳಿ 50ರಲ್ಲೂ ಹಗುರ ಸರಪಳಿ 25ರಲ್ಲೂ ಬಂದು ಗೊಂದಲ ಮಾಡುತ್ತವೆ ಎಂಬುದೂ ನೆನಪಿರಲಿ.

ಇದಕ್ಕೆ ಪರಿಹಾರ, ಐಸೋಪೆಪ್ಟೈಡ್ ಬಂಧ ಕುದಿತಕ್ಕೂ ಬಿಡುವುದಿಲ್ಲ ಎಂಬುದನ್ನೇ ಬಳಸಿಕೊಳ್ಳುವುದು. 10 ಸೆಂಟಿಮೀಟರ್ ತಟ್ಟೆಯ ಕೋಶಗಳನ್ನು ಎನ್‌ಇಎಂ ಇರುವ ತಣ್ಣನೆಯ ಪಿಬಿಎಸ್‌ನಲ್ಲಿ ತೊಳೆದು ಕೆರೆದು ತೆಗೆಯಿರಿ. 100 ಮೈಕ್ರೋಲೀಟರ್ ಬಫರಿನಲ್ಲಿ ಒಡೆಯಿರಿ: 1% ಎಸ್‌ಡಿಎಸ್, 50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 5 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಎನ್‌ಇಎಂ. ತಕ್ಷಣ 95 ಡಿಗ್ರಿಯಲ್ಲಿ 10 ನಿಮಿಷ ಇಡಿ. ಡಿಎನ್‌ಎ ಹೊರಬಂದು ಲೋಳೆಯಾಗುತ್ತದೆ, ಹೆದರಬೇಡಿ, ಸಣ್ಣ ಸೂಜಿಯಲ್ಲಿ ಹತ್ತಾರು ಸಲ ಎಳೆದರೆ ಇಲ್ಲವೇ ಸೋನಿಕೇಟ್ ಮಾಡಿದರೆ ತಿಳಿಯಾಗುತ್ತದೆ. ಆಮೇಲೆ ಎಸ್‌ಡಿಎಸ್ ಇಲ್ಲದ, 1% ಟ್ರೈಟಾನ್ ಎಂಬ ಮೃದು ಡಿಟರ್ಜೆಂಟ್ ಇರುವ ಬಫರನ್ನು 900 ಮೈಕ್ರೋಲೀಟರ್ ಸೇರಿಸಿ. ಎಸ್‌ಡಿಎಸ್ 0.1%ಗೆ ಇಳಿಯುತ್ತದೆ, ಅಷ್ಟನ್ನು ಆಂಟಿಬಾಡಿ ತಡೆದುಕೊಳ್ಳುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಇಮ್ಯುನೋಪ್ರೆಸಿಪಿಟೇಶನ್‌ಗೆ ಹೋಗಿ. ಸ್ನೇಹಿತರು ಕುದಿತದಲ್ಲೇ ಕಳಚಿಹೋಗಿರುತ್ತಾರೆ. ಈಗಲೂ ಉಳಿದ ಸ್ಮಿಯರ್ ನಿಮ್ಮ ಪ್ರೋಟೀನಿನದು ಎನ್ನಲು ಆಧಾರ ಸಿಕ್ಕಿತು. ಮಡಿಕೆ ಬಿಚ್ಚಿದ ಪ್ರೋಟೀನನ್ನು ಕೆಲವು ಆಂಟಿಬಾಡಿಗಳು ಹಿಡಿಯುವುದಿಲ್ಲ, ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ಬ್ಲಾಟ್ ಮಾಡಿದ ಮೇಲೆ ಅದೇ ಮೆಂಬ್ರೇನನ್ನು ನಿಮ್ಮ ಪ್ರೋಟೀನಿನ ಆಂಟಿಬಾಡಿಯಿಂದಲೂ ನೋಡಿ. ಮಾರ್ಪಡದ ಬ್ಯಾಂಡ್ ಎಲ್ಲ ಲೇನ್‌ಗಳಲ್ಲಿ ಸಮ ಇಲ್ಲದಿದ್ದರೆ ಸ್ಮಿಯರ್‌ನ ಹೋಲಿಕೆಗೆ ಬೆಲೆಯಿಲ್ಲ.

ಪ್ರೋಟೀನನ್ನು ಹಿಡಿಯಲೆಂದು ಅದಕ್ಕೆ ಜೋಡಿಸುವ ಸಣ್ಣ ತುಣುಕೇ ಟ್ಯಾಗ್; ಅದನ್ನು ಆರಿಸುವಾಗ ಅದರ ಅಮೈನೋ ಆಮ್ಲಗಳನ್ನು ಓದಿಕೊಳ್ಳಿ. ಫ್ಲ್ಯಾಗ್ ಟ್ಯಾಗ್‌ನ ಎಂಟು ಅಮೈನೋ ಆಮ್ಲಗಳಲ್ಲಿ ಎರಡು ಲೈಸಿನ್, ಮಿಕ್ ಟ್ಯಾಗ್‌ನಲ್ಲಿ ಒಂದು. ಎಚ್‌ಎ ಮತ್ತು ಹಿಸ್ಟಿಡಿನ್ ಟ್ಯಾಗ್‌ಗಳಲ್ಲಿ ಒಂದೂ ಇಲ್ಲ. ಲೈಸಿನ್‌ಗಳನ್ನೆಲ್ಲ ಆರ್ಜಿನಿನ್ ಮಾಡಿದ ಮೇಲೂ ಯೂಬಿಕ್ವಿಟಿನ್ ಅಂಟುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಟ್ಯಾಗ್ ನೋಡಬೇಕು. ಹಿಸ್ಟಿಡಿನ್ ಟ್ಯಾಗ್ ಇರುವ ಯೂಬಿಕ್ವಿಟಿನನ್ನು ಕೋಶಕ್ಕೆ ಹಾಕಿ, 6 ಮೋಲಾರ್ ಗ್ವಾನಿಡಿನ್‌ನಲ್ಲಿ ಒಡೆದು ನಿಕ್ಕಲ್ ಮಣಿಗಳಿಂದ ಎಳೆಯುವುದು ಇನ್ನೂ ಕಟ್ಟುನಿಟ್ಟಾದ ವಿಧಾನ. ಅಲ್ಲಿ ಇಡಿಟಿಎ ಹಾಕಬಾರದು, ನಿಕ್ಕಲ್ ಕಿತ್ತುಹೋಗುತ್ತದೆ. ಕೊನೆಗೆ ಗ್ವಾನಿಡಿನನ್ನು ಯೂರಿಯಾ ಬಫರಿನಿಂದ ಪೂರ್ತಿ ತೊಳೆಯದೆ ಎಸ್‌ಡಿಎಸ್ ಸ್ಯಾಂಪಲ್ ಬಫರ್ ಹಾಕಿದರೆ ಬಿಳಿ ಗರಣೆ ಕಟ್ಟಿ ಜೆಲ್ ಹಾಳಾಗುತ್ತದೆ.

ಪ್ರೋಟಿಯಾಸೋಮ್ ತಡೆಯಲು ಎಂಜಿ132ಯನ್ನು 10 ಮೈಕ್ರೋಮೋಲಾರ್, 4ರಿಂದ 6 ಗಂಟೆ ಕೊಟ್ಟರೆ ಸಾಮಾನ್ಯವಾಗಿ ಸಾಕು. ರಾತ್ರಿಯಿಡೀ ಬಿಟ್ಟರೆ ಬಿಡಿ ಯೂಬಿಕ್ವಿಟಿನ್ ಎಲ್ಲ ಸರಪಳಿಗಳಲ್ಲಿ ಸಿಕ್ಕಿಕೊಂಡು ಖಾಲಿಯಾಗುತ್ತದೆ, ಹಿಸ್ಟೋನ್ ಮೇಲಿನದೂ ಕಳಚುತ್ತದೆ, ಕೋಶ ಸಾಯುವ ದಾರಿಯಲ್ಲಿರುತ್ತದೆ. ಎಂಜಿ132 ಕ್ಯಾಲ್ಪೇನ್, ಕೆಥೆಪ್ಸಿನ್ ಎಂಬ ಬೇರೆ ಪ್ರೋಟೀನ್ ಒಡೆಯುವ ಕಿಣ್ವಗಳನ್ನೂ ತಡೆಯುತ್ತದೆ. ಅದಕ್ಕೆ ಬೋರ್ಟೆಝೋಮಿಬ್ ಅಥವಾ ಎಪಾಕ್ಸೊಮೈಸಿನ್‌ನಿಂದ ಒಮ್ಮೆ ಖಚಿತಪಡಿಸಿಕೊಳ್ಳಿ. ಎಂಜಿ132ಗೆ ಸ್ಮಿಯರ್ ಹೆಚ್ಚಿತು ಎಂಬುದು ನಾಶದ ಪುರಾವೆಯಾಗಲಿಲ್ಲ ಇನ್ನೂ. ಸೈಕ್ಲೋಹೆಕ್ಸಿಮೈಡ್ 50ರಿಂದ 100 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರಿಗೆ ಕೊಟ್ಟು ಹೊಸ ಪ್ರೋಟೀನ್ ತಯಾರಿಕೆ ನಿಲ್ಲಿಸಿ, 0, 2, 4, 8 ಗಂಟೆಗೆ ನಿಮ್ಮ ಪ್ರೋಟೀನ್ ಎಷ್ಟು ಉಳಿದಿದೆ ನೋಡಿ. ಪ್ರೋಟಿಯಾಸೋಮ್ ತಡೆದಾಗ, ಇ3ವನ್ನು ತೆಗೆದಾಗ, ಲೈಸಿನ್ ಬದಲಿಸಿದಾಗ ಆ ಇಳಿಕೆ ನಿಧಾನವಾಗಬೇಕು. ನಿಧಾನವಾಗದಿದ್ದರೆ ನಿಮ್ಮ ಯೂಬಿಕ್ವಿಟಿನ್‌ಗೆ ಬೇರೆ ಕೆಲಸವಿದೆ. ಪೊರೆಯ ಪ್ರೋಟೀನ್ ಆಗಿದ್ದರೆ ಕೋಶದ ಇನ್ನೊಂದು ಒಡೆಯುವ ತಾಣವಾದ ಲೈಸೋಸೋಮನ್ನೂ ಬ್ಯಾಫಿಲೋಮೈಸಿನ್‌ನಿಂದ ತಡೆದು ನೋಡಿ, 63ರ ಸರಪಳಿ ಎಷ್ಟೋ ಸಲ ಅತ್ತ ಕಳಿಸುತ್ತದೆ.

ಇ3ರ ನೇರ ಗುರಿ ಇದೇ ಎನ್ನಬೇಕಾದರೆ ಶುದ್ಧ ಘಟಕಗಳ ಪ್ರಯೋಗ ಬೇಕು. 20 ಮೈಕ್ರೋಲೀಟರ್‌ನಲ್ಲಿ ಇ1 100 ನ್ಯಾನೋಮೋಲಾರ್, ಇ2 1 ಮೈಕ್ರೋಮೋಲಾರ್, ಇ3 0.5, ಗುರಿ 1ರಿಂದ 2, ಯೂಬಿಕ್ವಿಟಿನ್ 50 ಮೈಕ್ರೋಮೋಲಾರ್, ಪಿಎಚ್ 7.5ರ ಬಫರ್, 100 ಮಿಲಿಮೋಲಾರ್ ಉಪ್ಪು, ಎಟಿಪಿ ಮತ್ತು ಮೆಗ್ನೀಸಿಯಂ ಕ್ಲೋರೈಡ್ 5 ಮಿಲಿಮೋಲಾರ್ ತಲಾ, ಡಿಟಿಟಿ 0.5 ಮಿಲಿಮೋಲಾರ್. 30 ಡಿಗ್ರಿಯಲ್ಲಿ ಇಟ್ಟು 0, 5, 15, 30, 60 ನಿಮಿಷಕ್ಕೆ ತೆಗೆಯಿರಿ. ಇ1 ಹೆಚ್ಚು ಬೇಡ, ಅದು ಮತ್ತೆ ಮತ್ತೆ ತಿರುಗಿ ಕೆಲಸ ಮಾಡುತ್ತದೆ. ಡಿಟಿಟಿ ಹೆಚ್ಚಾದರೆ ಥಯೋಎಸ್ಟರ್ ಬಿಚ್ಚಿಹೋಗುತ್ತದೆ. ಪುಡಿಯಿಂದ ಕರಗಿಸಿದ ಎಟಿಪಿ ಹುಳಿಯಾಗಿರುತ್ತದೆ, ಪಿಎಚ್ 7ಕ್ಕೆ ತಂದಿರದಿದ್ದರೆ ಇಡೀ ಟ್ಯೂಬ್ ಆಮ್ಲೀಯವಾಗಿ ಪ್ರಯೋಗ ಸದ್ದಿಲ್ಲದೆ ಕೆಡುತ್ತದೆ. ಇ3 ಶುದ್ಧಿಯ ಬಫರಿನಲ್ಲಿ ಇಡಿಟಿಎ ಉಳಿದಿದ್ದರೆ ಮೆಗ್ನೀಸಿಯಂ ಮಾತ್ರವಲ್ಲ, ರಿಂಗ್‌ನ ಸತುವೂ ಹೋಗಬಹುದು.

ಏನೂ ಆಗಲಿಲ್ಲವೆಂದರೆ ಬಂಧಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ಅದೇ ಬಫರಿನಲ್ಲಿ ಇ1, ಇ2, ಯೂಬಿಕ್ವಿಟಿನ್, ಎಟಿಪಿ, ಮೆಗ್ನೀಸಿಯಂ ಇಷ್ಟೇ ಹಾಕಿ 5 ನಿಮಿಷ ಬಿಟ್ಟು ಎರಡು ಪಾಲು ಮಾಡಿ. ಒಂದನ್ನು ಡಿಟಿಟಿ ಇಲ್ಲದೆ, ಕುದಿಸದೆ ಓಡಿಸಿ, ಇನ್ನೊಂದನ್ನು 100 ಮಿಲಿಮೋಲಾರ್ ಡಿಟಿಟಿಯಲ್ಲಿ ಕುದಿಸಿ. 17 ಕಿಲೋಡಾಲ್ಟನ್‌ನಲ್ಲಿದ್ದ ಇ2 ಮೊದಲನೆಯದರಲ್ಲಿ 25ಕ್ಕೆ ಏರಿ, ಎರಡನೆಯದರಲ್ಲಿ 17ಕ್ಕೇ ಮರಳಿದರೆ ಇ1, ಇ2, ಎಟಿಪಿ ಮೂರೂ ಸರಿಯಿವೆ. ತೊಂದರೆ ಇ3ದಲ್ಲಿ, ಗುರಿಯಲ್ಲಿ ಅಥವಾ ಆ ಇ3ಗೆ ಹೊಂದದ ಇ2 ಆರಿಸಿದ್ದರಲ್ಲಿದೆ. ಕುದಿಸಿದರೂ 25ರಲ್ಲೇ ನಿಂತರೆ ಇ2 ತನ್ನ ಲೈಸಿನ್‌ಗೇ ಯೂಬಿಕ್ವಿಟಿನ್ ಅಂಟಿಸಿಕೊಂಡಿದೆ. ಹಾಗೆಯೇ, ಪೂರ್ತಿ ಪ್ರಯೋಗದ ಬ್ಲಾಟನ್ನು ಗುರಿಯ ಆಂಟಿಬಾಡಿಯಿಂದ ನೋಡಿ. ಯೂಬಿಕ್ವಿಟಿನ್ ಆಂಟಿಬಾಡಿ ಹಾಕಿದರೆ ಇ3 ತನ್ನ ಮೈಗೇ ಅಂಟಿಸಿಕೊಂಡ ಸರಪಳಿಯೇ ಎದ್ದು ಕಾಣುತ್ತದೆ, ಗುರಿ ಇಲ್ಲದ ಟ್ಯೂಬಿನಲ್ಲೂ ಅದೇ ಚಿತ್ರ ಬರುತ್ತದೆ. ಎಟಿಪಿ ಇಲ್ಲದ್ದು, ಇ1 ಇಲ್ಲದ್ದು, ಇ2 ಇಲ್ಲದ್ದು, ಇ3 ಇಲ್ಲದ್ದು, ಗುರಿ ಇಲ್ಲದ್ದು: ಈ ಐದು ಟ್ಯೂಬುಗಳಿಲ್ಲದ ಚಿತ್ರವನ್ನು ಯಾರಿಗೂ ತೋರಿಸಬೇಡಿ.

ಯಾವ ಲೈಸಿನ್ ಎಂದು ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಹುಡುಕುವಾಗ ಟ್ರಿಪ್ಸಿನ್ ಯೂಬಿಕ್ವಿಟಿನನ್ನು ಕಡಿದು ಎರಡು ಗ್ಲೈಸಿನ್‌ಗಳನ್ನಷ್ಟೇ ಲೈಸಿನ್ ಮೇಲೆ ಬಿಡುತ್ತದೆ, ತೂಕ 114.043 ಡಾಲ್ಟನ್ ಏರುತ್ತದೆ. ಸಿಸ್ಟೀನ್ ಮುಚ್ಚಲು ಅಯೋಡೋಅಸಿಟಮೈಡ್ ಬಳಸಿದರೆ ಅದರ ಎರಡು ಅಣುಗಳು ಒಂದೇ ಲೈಸಿನ್‌ಗೆ ಅಂಟಿ, ಪರಮಾಣುಗಳ ಲೆಕ್ಕದಲ್ಲೂ ಅಷ್ಟೇ ಇರುವ ಸುಳ್ಳು ಗುರುತು ಬರಬಹುದು. ಕ್ಲೋರೋಅಸಿಟಮೈಡ್ ಬಳಸಿದರೆ ಈ ತೊಂದರೆ ತಪ್ಪುತ್ತದೆ. ನೆಡ್8 ಮತ್ತು ಯೂಬಿಕ್ವಿಟಿನ್‌ನ ಇನ್ನೊಂದು ಸೋದರ ಐಎಸ್‌ಜಿ15 ಬಿಡುವ ಗುರುತೂ ಇದೇ, ಅದನ್ನು ಈ ಅಳತೆಯಿಂದ ಬೇರ್ಪಡಿಸಲಾಗದು. ಯುಬಿಎ1 ತಡೆಯುವ ಟಿಎಕೆ-243 ಕೊಟ್ಟಾಗ ಗುರುತು ಕುಗ್ಗುತ್ತದೆಯೇ ಎಂದು ನೋಡಬೇಕು. ಸಿಕ್ಕಿದ ಲೈಸಿನನ್ನು ಆರ್ಜಿನಿನ್ ಮಾಡಿದ ಮೇಲೂ ಪ್ರೋಟೀನ್ ಮೊದಲಿನಷ್ಟೇ ಬೇಗ ನಾಶವಾದರೆ ನಿರಾಶರಾಗಬೇಡಿ. ಎಷ್ಟೋ ಇ3ಗಳು ಗುರಿಯನ್ನು ಹಿಡಿಯುವ ಜಾಗದ ಬಗ್ಗೆ ಕಟ್ಟುನಿಟ್ಟು, ಯಾವ ಲೈಸಿನ್ ಎಂಬುದರ ಬಗ್ಗೆ ಅಲ್ಲ; ಒಂದು ಹೋದರೆ ಪಕ್ಕದ್ದಕ್ಕೆ ಅಂಟಿಸುತ್ತವೆ. ಆಗ ಬದಲಿಸಬೇಕಾದ್ದು ಇ3 ಹಿಡಿಯುವ ಜಾಗವನ್ನು.